ಸ್ನಾತಕನು ಮನೆಗೆ ಮರಳಿದಾಗ

‘ಸ್ನಾತಕೋತ್ತರ ಪದವಿ’ ಎಂಬ ಮಾತನ್ನು ನಾವು ದಿನವೂ ಬಳಸುತ್ತೇವೆ. ಆ ಪದದೊಳಗೆ ಒಂದು ಸ್ನಾನ ಅಡಗಿರುವುದನ್ನು ಗಮನಿಸುವವರು ವಿರಳ. ಹಿಂದೆ ಗುರುಗೃಹದಲ್ಲಿ ಓದು ಮುಗಿಸಿದ ಬ್ರಹ್ಮಚಾರಿಯು ವಿಧಿಪೂರ್ವಕವಾಗಿ ಮಿಂದು, ಮೇಖಲೆ, ಅಜಿನಗಳನ್ನು ತೊರೆದು, ಹೊಸ ಬಟ್ಟೆಯುಟ್ಟು, ಕೊಡೆ, ಪಾದರಕ್ಷೆಗಳನ್ನು ಧರಿಸಿ ಮನೆಗೆ ಹೊರಡುತ್ತಿದ್ದನು. ಹೀಗೆ ಮಿಂದವನೇ ಸ್ನಾತಕ. ಗೃಹ್ಯಸೂತ್ರಗಳಲ್ಲಿ ಈ ಸಂಸ್ಕಾರದ ಹೆಸರು ‘ಸಮಾವರ್ತನ’, ಅಂದರೆ ಮರಳಿ ಬರುವುದು. ಓದಿನ ಕೊನೆಯ ಮೆಟ್ಟಿಲೇ ಮನೆಯ ಹೊಸ್ತಿಲಾಗಿತ್ತು.

ಮರಳಿದ ಮಗನೊಡನೆ ಬಾಳುವುದು ಅಂದೂ ಸುಲಭವಾಗಿರಲಿಲ್ಲವೆಂಬುದಕ್ಕೆ ಛಾಂದೋಗ್ಯೋಪನಿಷತ್ತಿನ ಶ್ವೇತಕೇತುವೇ ಸಾಕ್ಷಿ. ಹನ್ನೆರಡನೆಯ ವಯಸ್ಸಿನಲ್ಲಿ ಹೋದವನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಸಕಲ ವೇದಗಳನ್ನೂ ಕಲಿತು ಮನೆಗೆ ಬಂದ, ಬಿಗುಮಾನವನ್ನೂ ಹೊತ್ತು ತಂದ. ತಂದೆ ಉದ್ದಾಲಕ ಆರುಣಿ ಗದರಲಿಲ್ಲ. ಮಗನಿಗೆ ಉತ್ತರ ತಿಳಿಯದ ಒಂದು ಪ್ರಶ್ನೆಯನ್ನು ಕೇಳಿ, ಆಲದ ಬೀಜವನ್ನು ಒಡೆಸಿ, ನೀರಿನಲ್ಲಿ ಉಪ್ಪು ಕರಗಿಸಿ ಹೊಸ ಪಾಠವನ್ನೇ ಆರಂಭಿಸಿದ.

ಆ ವ್ಯವಸ್ಥೆ ಬಹುಮಟ್ಟಿಗೆ ಮೇಲುವರ್ಣದ ಗಂಡುಮಕ್ಕಳಿಗೆ ಮಾತ್ರ ಮೀಸಲಾಗಿತ್ತು. ಅದನ್ನು ಕೊಂಡಾಡುವುದು ನನ್ನ ಉದ್ದೇಶವಲ್ಲ. ಆದರೆ ಮರಳುವುದರಲ್ಲಿ ಅಲ್ಲಿ ಅವಮಾನವಿರಲಿಲ್ಲ. ಅವಮಾನ ಬಂದದ್ದು ಯಾವಾಗ?

1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಸರ್ಕಾರಿ ನೌಕರಿಗೆ ಇಂಗ್ಲಿಷ್ ಕಲಿತವರಿಗೆ ಆದ್ಯತೆಯೆಂದು ಘೋಷಿಸಿದನು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ನಮ್ಮ ಸಂಸ್ಥಾನದ ಕಾಲೇಜುಗಳು ಮದರಾಸಿಗೇ ಅಧೀನವಾಗಿದ್ದವು. ಹಳ್ಳಿಯ ಹುಡುಗರು ವಾರಾನ್ನ ಉಂಡು, ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಮಲಗಿ ಓದಿದರು. ಅನೇಕ ಮನೆಗಳಲ್ಲಿ ಹೊಲ ಅಡವಿಟ್ಟೇ ಮಗನನ್ನು ಓದಿಸಿದರು. ಸಾಲ ತೀರಬೇಕಾದದ್ದು ಸಂಬಳದಿಂದ. ಹೀಗಾಗಿ ಪದವಿಯೆಂದರೆ ಊರು ಬಿಡುವ ರಹದಾರಿಯಾಯಿತು, ಪದವಿ ಪಡೆದೂ ಊರಿಗೆ ಬಂದವನು ಸೋತವನೆನಿಸಿದನು. ವಿದ್ಯಾವಂತರ ನಿರುದ್ಯೋಗ ಎಷ್ಟು ಬೆಳೆಯಿತೆಂದರೆ, 1930ರ ದಶಕದಲ್ಲಿ ಸಂಯುಕ್ತ ಪ್ರಾಂತ್ಯದ ಸರ್ಕಾರವು ಅದರ ವಿಚಾರಣೆಗೆಂದು ತೇಜ್ ಬಹಾದೂರ್ ಸಪ್ರು ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನೇ ನೇಮಿಸಬೇಕಾಯಿತು.

ಹೆಣ್ಣುಮಕ್ಕಳ ಕಥೆ ಬೇರೆ. ಮರಳಿದ ಮಗನದು ನೌಕರಿಯ ನಿರೀಕ್ಷೆಯಾದರೆ, ಮಗಳ ವಿಷಯದಲ್ಲಿ ಮನೆಯವರದು ವರನ ನಿರೀಕ್ಷೆ. ಎಷ್ಟೋ ಮನೆಗಳಲ್ಲಿ ಅವಳ ಪದವಿಪತ್ರ ಟ್ರಂಕಿನ ತಳ ಸೇರಿತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಹಾಸ್ಟೆಲುಗಳು ಬರಿದಾಗಿ, ಮಕ್ಕಳು ಒಟ್ಟೊಟ್ಟಿಗೆ ಮನೆಗೆ ಬಂದರು. ಆಗ ಯಾರೂ ಯಾರನ್ನೂ ಹಂಗಿಸಲಿಲ್ಲ. ಕಾರಣ ಹೊರಗಿನದೆಂದು ಎಲ್ಲರಿಗೂ ತಿಳಿದಿತ್ತು. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಯುವನಿಧಿ ಯೋಜನೆಯಡಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಗಳನ್ನು ಗರಿಷ್ಠ ಎರಡು ವರ್ಷಗಳ ಕಾಲ ಕೊಡಲಾರಂಭಿಸಿತು. ಪದವಿಗೂ ಕೆಲಸಕ್ಕೂ ನಡುವೆ ಅಂತರವಿರುವುದು ಸಹಜವೆಂದು ಸರ್ಕಾರವೇ ಒಪ್ಪಿಕೊಂಡಂತಾಯಿತು.

ಮನೆಗಳು ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಪದವಿ ಮುಗಿಸಿ ಊರಿನಲ್ಲಿದ್ದಾರೆ. ಎದುರಾದರೆ, ‘ಈಗೇನು ಮಾಡ್ತಿದ್ದೀಯಪ್ಪಾ?’ ಎಂದು ನಾನು ಕೇಳುವೆನೇನೋ ಎಂಬ ಅಳುಕಿನಿಂದ ಪಕ್ಕದ ಓಣಿಗೆ ತಿರುಗುತ್ತಾರೆ. ಚೆನ್ನಾಗಿ ಓದಿದ ಮಕ್ಕಳೇ ಅವರು. ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ: ಊಟದ ಹೊತ್ತಿನಲ್ಲಿ ನೌಕರಿಯ ಮಾತನ್ನು ಒಂದಿಷ್ಟು ಬದಿಗಿಡಿ. ಕಾಲೇಜಿನಲ್ಲಿ ಏನು ಕಲಿತೆ, ನಮಗೂ ಹೇಳು ಎಂದು ಕೇಳಿ ನೋಡಿ. ಉದ್ದಾಲಕನೂ ಮಗನ ವಿದ್ಯೆಯ ವಿಚಾರವನ್ನೇ ಕೇಳಿದ್ದು.