ಹಟ್ಟಿಯ ಅದಿರಿನ ಸ್ಥಿರತೆ ಮತ್ತು ಪ್ರಾಚೀನ ಗಣಿಗಾರಿಕೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಸಾಗುವ ದಾರಿಯ ನಡುವೆ ಇರುವ ಮಸ್ಕಿಯು ಚರಿತ್ರೆಯ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಸ್ಥಳ. ದೇವಾನಾಂಪ್ರಿಯ ಎಂಬ ಬಿರುದಿನೊಡನೆ ಅಶೋಕನ ಹೆಸರನ್ನೂ ಹೇಳುವ ಶಾಸನವು ಮೊದಲು ಬೆಳಕಿಗೆ ಬಂದುದು ಇಲ್ಲಿಯೇ, 1915ರಲ್ಲಿ. ಅದನ್ನು ಕಂಡವರು ಚಿನ್ನದ ನೆಲೆಯನ್ನು ಅರಸಿ ಬಂದಿದ್ದ ಗಣಿ ಇಂಜಿನಿಯರ್ ಸಿ. ಬೀಡನ್ ಅವರು. ಶಾಸನದ ವಿಚಾರವಾಗಿ ವಿದ್ವಾಂಸರು ಬಹಳ ಬರೆದಿದ್ದಾರೆ. ಬೀಡನ್ನರು ಅರಸುತ್ತಿದ್ದ ಚಿನ್ನದ ವಿಚಾರವಾಗಿ ಚರಿತ್ರಕಾರರು ಬರೆದುದು ಕಡಿಮೆ. ಆ ಚಿನ್ನವನ್ನು ಹುದುಗಿಸಿಕೊಂಡಿರುವ ಖನಿಜಗಳ ಗುಣವು ಈ ನಾಡಿನ ಗಣಿಗಾರಿಕೆಯ ಗತಿಯನ್ನು ಹೇಗೆ ನಿರ್ಧರಿಸಿತೆಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಆಧುನಿಕ ಗಣಿಗಾರರು ಕೆಲಸಕ್ಕೆ ತೊಡಗಿದಾಗ, ತಮಗಿಂತ ಬಹು ಹಿಂದಿನವರು ತೋಡಿದ್ದ ಕುಳಿಗಳು ಅವರಿಗೆ ಎದುರಾದುವು. ಇವುಗಳಲ್ಲಿ ಅತ್ಯಂತ ಆಳವಾದುದು ಸುಮಾರು 640 ಅಡಿ ಇಳಿದಿತ್ತು. ಅಲ್ಲಿ ದೊರೆತ ಮರದ ತುಂಡುಗಳನ್ನು ಇಂಗಾಲದ ಕಾಲನಿರ್ಣಯಕ್ಕೆ ಒಳಪಡಿಸಿದಾಗ ಅವು ಸುಮಾರು 2000 ವರ್ಷಗಳಷ್ಟು ಹಳೆಯವೆಂದು ತಿಳಿದುಬಂದಿತು. ಪ್ರಾಚೀನರು ನೆಲದ ಮೇಲೆ ಸುಲಭವಾಗಿ ಸಿಕ್ಕಿದ ಚಿನ್ನವನ್ನಷ್ಟೇ ಆಯ್ದುಕೊಂಡರೆಂಬ ಮಾತು ಆಗಾಗ್ಗೆ ಕೇಳಿಬರುತ್ತದೆ. ಈ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಅದಿರಿನಿಂದಲೇ ಪರೀಕ್ಷಿಸಬಹುದು.

ಹಟ್ಟಿಯ ಚಿನ್ನದಲ್ಲಿ ಒಂದು ಪಾಲು ಬೆಣಚುಕಲ್ಲಿನಲ್ಲಿ ಬಿಡಿ ಕಣಗಳಾಗಿದೆ. ಇನ್ನೊಂದು ಪಾಲು ಗಂಧಕದ ಸಂಯುಕ್ತಗಳಾದ ಪೈರೈಟ್, ಪಿರ್ಹೊಟೈಟ್ ಮತ್ತು ಆರ್ಸೆನೊಪೈರೈಟ್‌ಗಳ ಸಂಗದಲ್ಲಿದೆ. ಗಂಧಕದ ಸಂಯುಕ್ತಗಳೆಲ್ಲವೂ ಒಂದೇ ಬಗೆಯಲ್ಲಿ ಬಾಳುವುದಿಲ್ಲ. ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಕ್ಷಾರಲೋಹಗಳ ಸರಳ ಸಲ್ಫೈಡುಗಳು ನೀರಿನಲ್ಲಿ ಕೂಡಲೇ ಕರಗಿ ಗಾಳಿಯಲ್ಲಿ ಕೆಡುವುದರಿಂದ ಬಂಡೆಗಳಲ್ಲಿ ಉಳಿಯಲಾರವು. ಕಬ್ಬಿಣದ ಸಲ್ಫೈಡುಗಳಾದರೋ ಗಾಳಿ ತಾಕದ ಆಳದಲ್ಲಿ ಕೋಟ್ಯಂತರ ವರ್ಷ ಸ್ಥಿರವಾಗಿರುತ್ತವೆ; ಗಾಳಿ ನೀರುಗಳೆರಡೂ ಸೇರಿದೊಡನೆ ಅವುಗಳ ಕ್ಷಯ ಆರಂಭವಾಗುತ್ತದೆ.

ಈ ಕ್ಷಯಕ್ಕೂ ವಿದ್ಯುತ್ತಿಗೂ ಸಂಬಂಧವುಂಟು. ಪೈರೈಟ್, ಆರ್ಸೆನೊಪೈರೈಟ್‌ಗಳು ಅರೆವಾಹಕಗಳು. ಸೀಸದ ಸಲ್ಫೈಡಾದ ಗೆಲೀನದ ಇದೇ ಗುಣವನ್ನು ಬಳಸಿ ಜಗದೀಶಚಂದ್ರ ಬೋಸರು ವಿದ್ಯುತ್ತರಂಗಗಳ ಶೋಧಕವನ್ನು ನಿರ್ಮಿಸಿದರು. ಅದಕ್ಕೆ 1904ರಲ್ಲಿ ಪೇಟೆಂಟ್ ದೊರೆಯಿತು. ಎರಡು ಬಗೆಯ ಸಲ್ಫೈಡುಗಳು ಒಂದನ್ನೊಂದು ತಾಗಿ ತೇವದಲ್ಲಿದ್ದರೆ ಅವುಗಳ ನಡುವೆ ಎಲೆಕ್ಟ್ರಾನುಗಳು ಹರಿದು, ಪೈರೈಟ್ ಉಳಿದುಕೊಂಡು ಅದರ ನೆರೆಯ ಖನಿಜವು ಬೇಗನೆ ಕ್ಷಯಿಸುತ್ತದೆ. ಹೀಗೆ ಅಂತರ್ಜಲದ ಮಟ್ಟದವರೆಗಿನ ಮೇಲ್ಪದರದಲ್ಲಿ ಸಲ್ಫೈಡುಗಳು ತುಕ್ಕಾಗಿ, ಒಳಗಿನ ಚಿನ್ನ ಬಿಡುಗಡೆ ಹೊಂದುತ್ತದೆ. ಅದನ್ನು ಕುಟ್ಟಿ, ಅರೆದು, ನೀರಿನಲ್ಲಿ ಜಾಲಿಸಿ ತೆಗೆಯಬಹುದು.

ಆದರೆ 640 ಅಡಿಯ ಆಳವು ಈ ಮೇಲ್ಪದರಕ್ಕಿಂತ ಬಹಳ ಕೆಳಗಿನದು. ಅಲ್ಲಿಯವರೆಗೆ ಇಳಿದವರು ಕೆಡದ ಸಲ್ಫೈಡಿನ ಅದಿರನ್ನೇ ಎದುರಿಸಬೇಕಾಗಿದ್ದಿತು. ಬಂಡೆಗೆ ಬೆಂಕಿಯಿಟ್ಟು ಸಿಡಿಸುವ ಕ್ರಮವನ್ನು ಅವರು ಬಲ್ಲವರಾಗಿದ್ದರು. ಆರ್ಸೆನೊಪೈರೈಟ್ ಕಾದಾಗ ಬೆಳ್ಳುಳ್ಳಿಯಂಥ ವಾಸನೆಯ ಹೊಗೆ ಏಳುತ್ತದೆ; ಗಂಧಕವೂ ಆರ್ಸೆನಿಕ್ಕೂ ಆವಿಯಾಗಿ ಖನಿಜವು ಸಡಿಲಗೊಳ್ಳುತ್ತದೆ. ಅದಿರನ್ನು ಉದ್ದೇಶಪೂರ್ವಕವಾಗಿಯೇ ಹುರಿದರೆಂದು ಹೇಳುವುದು ಅವಸರವಾದೀತು. ಆದರೆ ಬೆಂಕಿಯ ಈ ಪರಿಣಾಮವು ಅವರ ಕಣ್ಣಿಗೆ ಬೀಳದೆ ಹೋಗಿರದೆಂದು ಊಹಿಸಲು ಅವಕಾಶವುಂಟು. ಬಿಡಿ ಕಣಗಳ ಚಿನ್ನ ಆಳದಲ್ಲಿಯೂ ದೊರೆತುದರಿಂದಲೇ ಅವರ ಶ್ರಮ ಸಾರ್ಥಕವಾಯಿತೆಂಬುದನ್ನೂ ಮರೆಯಲಾಗದು. ಹೇಗೇ ಆದರೂ, ಸುಲಭದ ಚಿನ್ನವನ್ನಷ್ಟೇ ಆಯ್ದರೆಂಬ ಮಾತು ಹಟ್ಟಿಯ ಮಟ್ಟಿಗೆ ನಿಲ್ಲುವುದಿಲ್ಲ.

ನುಣ್ಣನೆಯ ಚಿನ್ನವನ್ನು ಅದಿರಿನಿಂದ ಪಡೆಯಲು ಹೊಸ ದಾರಿ ತೆರೆದುದು 1887ರಲ್ಲಿ, ಗ್ಲಾಸ್ಗೋದಲ್ಲಿ ಸಯನೈಡ್ ವಿಧಾನ ರೂಪುಗೊಂಡಾಗ. ಬಂಡೆಯಲ್ಲಿ ನಿಲ್ಲಲಾರದ ಸಲ್ಫೈಡುಗಳನ್ನು ಕೊಡುವ ಕ್ಷಾರಲೋಹಗಳೇ ಇಲ್ಲಿ ಸಯನೈಡಿನ ಲವಣಗಳಾಗಿ ಚಿನ್ನವನ್ನು ಕರಗಿಸುವ ಕೆಲಸಕ್ಕೆ ಒದಗಿದುವು. ಹಟ್ಟಿಯಲ್ಲಿ 1920ರ ಸುಮಾರಿಗೆ ನಿಂತುಹೋಗಿದ್ದ ಕೆಲಸವು, 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಸ್ಥಾಪಿತವಾದ ಮೇಲೆ ಮತ್ತೆ ಆರಂಭವಾಯಿತು.

ಈ ವಿಚಾರವು ಗತಕಾಲಕ್ಕೆ ಮಾತ್ರ ಸೇರಿದುದಲ್ಲ. ಆಳದಲ್ಲಿ ಸ್ಥಿರವಾಗಿದ್ದ ಖನಿಜವನ್ನು ಮೇಲೆತ್ತಿ ಪುಡಿಮಾಡಿ ರಾಶಿ ಹಾಕಿದರೆ ಅದು ಅಸ್ಥಿರವಾಗುತ್ತದೆ. ಚಿನ್ನವನ್ನು ಬಿಡಿಸಿದ ಅದೇ ಕ್ಷಯವು ಆರ್ಸೆನಿಕ್ಕನ್ನೂ ಬಿಡಿಸುತ್ತದೆ. ನೆರೆಯ ಯಾದಗಿರಿ ಜಿಲ್ಲೆಯ ಮಂಗಳೂರು ಚಿನ್ನದ ಗಣಿಯ ಸಮೀಪದ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇದ್ದುದು, ಜನರ ಚರ್ಮದ ಮೇಲೆ ಅದರ ಗುರುತುಗಳು ಮೂಡಿದ್ದುದು 2013ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಆದುದರಿಂದ ಹಳೆಯ ಗಣಿಗಳ, ಅವುಗಳ ತ್ಯಾಜ್ಯದ ರಾಶಿಗಳ ಸ್ಥಳಗಳನ್ನು ಊರೂರಿನಲ್ಲಿ ಗುರುತಿಸಿ ನಕ್ಷೆಗಿಳಿಸುವುದು ಚರಿತ್ರೆಯ ವಿದ್ಯಾರ್ಥಿಗೆ ಉಚಿತವಾದ ಕಾರ್ಯ. ಅಂಥ ನಕ್ಷೆಯು ಪ್ರಾಚೀನರ ಪರಿಶ್ರಮವನ್ನು ತಿಳಿಯುವವರಿಗೆ ಆಧಾರವಾಗುವಂತೆಯೇ, ಯಾವ ಬಾವಿಯ ನೀರನ್ನು ಮೊದಲು ಪರೀಕ್ಷಿಸಬೇಕೆಂದು ತಿಳಿಯಬೇಕಾದವರಿಗೂ ಆಧಾರವಾಗುತ್ತದೆ.