ಕುರ್ಲಾದ ತುಳು–ಕನ್ನಡ ಮನೆಗಳಲ್ಲಿ ಹೆಣ್ಣು ಹೆಸರುಗಳ ನೂರು ವರ್ಷ

ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಊರ ಕಡೆ ಹೊರಡುವ ಎರಡು ರೈಲುಗಳಿಗೆ ಹೆಣ್ಣು ಹೆಸರುಗಳಿವೆ. ಮತ್ಸ್ಯಗಂಧ ಮಂಗಳೂರಿಗೆ ಹೋಗುತ್ತದೆ, ನೇತ್ರಾವತಿ ಮಂಗಳೂರನ್ನು ಹಾದು ತಿರುವನಂತಪುರಕ್ಕೆ. ಮೊದಲನೆಯದು ಬೆಸ್ತರ ಮನೆಯಲ್ಲಿ ಬೆಳೆದ ಸತ್ಯವತಿಯ ಹುಡುಗಿತನದ ಹೆಸರು, ಎರಡನೆಯದು ನಮ್ಮ ಹೊಳೆಯದು. ಸತ್ಯವತಿ, ನೇತ್ರಾವತಿ ಎಂಬ ಹೆಂಗಸರು ಈ ರೈಲುಗಳಲ್ಲಿ ಇಂದಿಗೂ ಓಡಾಡುತ್ತಾರೆ. ಆದರೆ ಅವರಲ್ಲಿ ಹೆಚ್ಚಿನವರು ಅರುವತ್ತು ದಾಟಿದವರು. ಅವರ ಪಕ್ಕದಲ್ಲಿ ಕೂತ ಮೊಮ್ಮಕ್ಕಳ ಹೆಸರು ಆದ್ಯಾ, ಸಾನ್ವಿ, ಆರಾಧ್ಯಾ. ಅಜ್ಜಿಯಿಂದ ಮೊಮ್ಮಗಳಿಗೆ ಬರುವಷ್ಟರಲ್ಲಿ ಒಂದು ಹೆಸರೂ ಉಳಿಯದಂತೆ ಬದಲಾದದ್ದು ಹೇಗೆ ಎಂಬುದನ್ನು ಯಾರಾದರೂ ಬರೆದಿಡಬೇಕು.

ಅಂಕಿಸಂಖ್ಯೆಯಲ್ಲಿ ಹೇಳಲು ನಮ್ಮಲ್ಲಿ ಸಾಮಗ್ರಿ ಸಾಲದು. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಇಲಾಖೆಯ ಬಳಿ 1880ರಿಂದೀಚಿನ ಹೆಸರುಗಳ ಪಟ್ಟಿಯಿದೆ. 1946ರವರೆಗೆ ಅಲ್ಲಿ ಮೇರಿಯೇ ಮೊದಲು, 1947ರಲ್ಲಿ ಲಿಂಡಾ ಅವಳನ್ನು ಹಿಂದೆ ಹಾಕಿದಳು ಎಂದು ವರ್ಷ ಹಿಡಿದು ಹೇಳಬಹುದು. ನಮ್ಮಲ್ಲಿ ಜನನ ನೋಂದಣಿಗೆ 1969ರ ಕಾಯ್ದೆಯಿದೆ, ಕುರ್ಲಾಕ್ಕೆ ಪಾಲಿಕೆಯ ಎಲ್ ವಾರ್ಡ್ ಕಚೇರಿಯಿದೆ. ಆದರೆ ಯಾವ ವರ್ಷ ಯಾವ ಹೆಸರು ಎಷ್ಟು ಮಕ್ಕಳಿಗೆ ಎಂಬ ಅಧಿಕೃತ ಪಟ್ಟಿ ಹೊರಬರುವುದಿಲ್ಲ. ಹಾಗಾಗಿ ಮದುವೆ ಕಾಗದ, ಶಾಲೆಯ ಹಾಜರಿ, ಸಂಘಗಳ ಸದಸ್ಯಪಟ್ಟಿ, 'ಬಂಟರವಾಣಿ', 'ಮೊಗವೀರ', 'ಅಕ್ಷಯ' ಪತ್ರಿಕೆಗಳ ವಧೂವರ ಮತ್ತು ಶ್ರದ್ಧಾಂಜಲಿ ಪುಟ ಇವೇ ನಮ್ಮ ಆಕರ. ಕುರ್ಲಾ ಪೂರ್ವದಲ್ಲಿ ಬಂಟರ ಭವನ ಇರುವುದರಿಂದ ಈ ಊರು ಮುಂಬಯಿಯ ತುಳುವರಿಗೆಲ್ಲ ಒಂದು ಚಾವಡಿ. ಅಲ್ಲಿನ ಯಾವುದೇ ಮದುವೆಯಲ್ಲಿ ಮೂರು ತಲೆಮಾರಿನ ಹೆಣ್ಣು ಹೆಸರುಗಳನ್ನು ಒಂದೇ ಸಾಲಿನಲ್ಲಿ ಕೇಳಬಹುದು. ಮುಂದೆ ಹೇಳುವುದು ಹಾಗೆ ಕಂಡು ಕೇಳಿದ್ದರ ಮೇಲೆ ನಿಂತದ್ದು.

ತೀರ ಹಳೆಯ ಪದರದಲ್ಲಿ ಹುಟ್ಟಿದ ವಾರವೇ ಹೆಸರಾಗುತ್ತಿತ್ತು. ಶಿವರಾಮ ಕಾರಂತರ 'ಚೋಮನ ದುಡಿ' (1933) ಓದಿದವರಿಗೆ ಇದು ಗೊತ್ತು. ಚೋಮ ಸೋಮವಾರದವನು, ಅವನ ಮಕ್ಕಳಲ್ಲಿ ಚನಿಯ ಶನಿವಾರದವನು, ಗುರುವ ಗುರುವಾರದವನು. ದೈವವಾದ ಕೊರಗಜ್ಜನ ಹುಟ್ಟುಹೆಸರು ತನಿಯ ಎಂಬುದೂ ವಾರದ ಹೆಸರೇ. ಹೆಣ್ಣುಮಕ್ಕಳೂ ಹೀಗೆಯೇ ತುಕ್ರು, ಅಂಗಾರು, ಬೂದು ಆದರು. ಈ ಪದ್ಧತಿಯಲ್ಲಿ ಸರಳತೆಯ ಸೊಗಸನ್ನಷ್ಟೇ ಕಾಣುವುದು ಸರಿಯಲ್ಲ. ದೇವರ ಹೆಸರು ಇಟ್ಟುಕೊಳ್ಳುವ ಹಕ್ಕು ಎಲ್ಲರಿಗೂ ಇರಲಿಲ್ಲ. ಮೇಲು ಜಾತಿಯವರ ಲಕ್ಷ್ಮಿ, ಸರಸ್ವತಿ ಒಕ್ಕಲಿನ ಗುಡಿಸಲಿಗೆ ಇಳಿಯುವಂತಿರಲಿಲ್ಲ. ಮುಂಬಯಿಗೆ ಬಂದ ಕುಟುಂಬಗಳಲ್ಲಿ ವಾರದ ಹೆಸರುಗಳು ಮೊದಲ ತಲೆಮಾರಿಗೇ ನಿಂತುಹೋದದ್ದಕ್ಕೆ ಇದೇ ದೊಡ್ಡ ಕಾರಣ ಎಂದು ನನಗನಿಸುತ್ತದೆ. ತುಕ್ರುವಿನ ಮಗಳು ಸುಜಾತಾ ಆದಾಗ ಅಲ್ಲಿ ಬರೀ ಫ್ಯಾಶನ್ ಇರಲಿಲ್ಲ, ಬಿಡುಗಡೆ ಇತ್ತು.

ಭೂಮಿಯಿದ್ದ ಮನೆಗಳಲ್ಲಿ ದುಗ್ಗಮ್ಮ, ಅಕ್ಕಮ್ಮ, ಕಲ್ಯಾಣಿ, ಗುಲಾಬಿ, ಸುಂದರಿ ಓಡಾಡುತ್ತಿದ್ದರು. ಅವರ ಹೆಸರಿನ ಹಿಂದೆ ಇನ್ನೊಂದು ಮಾತಿತ್ತು: ಕಲ್ಯಾಣಿ ಶೆಡ್ತಿ, ಗುಲಾಬಿ ಪೂಜಾರ್ತಿ, ಅಕ್ಕಮ್ಮ ಮರಕಾಲ್ತಿ, ಸುಂದರಿ ದೇವಾಡಿಗ್ತಿ. ಶೆಟ್ಟಿಯ ಮಗಳು ಶೆಡ್ತಿ, ಪೂಜಾರಿಯ ಮಗಳು ಪೂಜಾರ್ತಿ. ಹೆಣ್ಣಿಗೆ ಅವಳದೇ ಉಪನಾಮ. ಅಳಿಯಕಟ್ಟು ಎಂಬ ತಾಯಿಮೂಲದ ಪದ್ಧತಿಯಲ್ಲಿ ಬರಿ, ಅಂದರೆ ಗೋತ್ರ, ತಾಯಿಯಿಂದ ಬರುತ್ತದೆ, ಮದುವೆಯಾದರೂ ಅದು ಬದಲಾಗುವುದಿಲ್ಲ. ಆದ್ದರಿಂದ ಈ ಶೆಡ್ತಿ, ಪೂಜಾರ್ತಿಗಳು ಬರೀ ವ್ಯಾಕರಣದ ಸ್ತ್ರೀಲಿಂಗವಾಗಿರಲಿಲ್ಲ. ಮನೆತನದ ಗುರುತನ್ನು ಹೊತ್ತವಳು ಹೆಣ್ಣು ಎಂಬ ಏರ್ಪಾಡಿಗೆ ಅವು ಹೊಂದಿಕೊಂಡಿದ್ದವು.

ಇದೇ ನೆಲದ ಸಿರಿ ಪಾಡ್ದನದಲ್ಲಿ ಸಿರಿ, ಸೊನ್ನೆ, ಗಿಂಡೆ, ಅಬ್ಬಗ, ದಾರಗ ಎಂಬ ಹೆಣ್ಣುಗಳ ಸಾಲೇ ಇದೆ. ದಾರಿ ತಪ್ಪಿದ ಗಂಡನಿಗೆ ತಾನಾಗಿ ಬರ (ವಿಚ್ಛೇದನ) ಹೇಳಿ ಹೊರಟುಬಂದವಳು ಸಿರಿ. ಗೋಪಾಲ ನಾಯ್ಕರು ಹಾಡಿದ ಪಾಠವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ 1998ರಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಜಾನಪದ ವಿದ್ವಾಂಸರಿಗೂ ಈ ಹೆಸರುಗಳು ಪರಿಚಯವಾದವು. ಅದೇ ಹೊತ್ತಿಗೆ ಕುರ್ಲಾದ ತೊಟ್ಟಿಲುಗಳಲ್ಲಿ ಅವುಗಳಲ್ಲಿ ಒಂದೂ ಇರಲಿಲ್ಲ.

ಕರಾವಳಿಯಿಂದ ಮುಂಬಯಿಗೆ ಮೊದಲು ಬಂದವರು ಗಂಡಸರು ಮತ್ತು ಹುಡುಗರು. ಹೋಟೆಲಿನಲ್ಲಿ ದುಡಿದರು, ರಾತ್ರಿ ಶಾಲೆಯಲ್ಲಿ ಓದಿದರು, ಮಿಲ್ಲು ಕಾರ್ಖಾನೆ ಸೇರಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಬಂಟರ ಸಂಘ 1927ರದು, ಬಿಲ್ಲವರ ಅಸೋಸಿಯೇಶನ್ 1932ರದು. ಕುರ್ಲಾದಲ್ಲಿ ಸ್ವದೇಶಿ ಮಿಲ್ಲು ಹತ್ತೊಂಬತ್ತನೆಯ ಶತಮಾನದಿಂದಲೇ ಇತ್ತು, 1940ರ ದಶಕದಲ್ಲಿ ಪ್ರೀಮಿಯರ್ ಮೋಟಾರು ಕಾರ್ಖಾನೆ ಬಂತು. ಹೆಂಡತಿ ಊರಲ್ಲೇ ಇದ್ದಳು. ಹೆರಿಗೆ, ಬಾಣಂತನ, ಪುದರ್ ದೀಪುನ (ಹೆಸರಿಡುವ) ಶಾಸ್ತ್ರ ಎಲ್ಲ ತವರಿನಲ್ಲಿ. ಅಪ್ಪನಿಗೆ ಮಗಳ ಹೆಸರು ಕಾಗದದಲ್ಲಿ ತಿಳಿಯುತ್ತಿತ್ತು. ಆದ್ದರಿಂದ 1930ರಿಂದ 60ರವರೆಗಿನ ಹೆಸರುಗಳು ಮುಂಬಯಿಯವಲ್ಲ, ಊರಿನ ಪ್ರೈಮರಿ ಶಾಲೆ ಮತ್ತು ಯಕ್ಷಗಾನದವು: ಪದ್ಮಾವತಿ, ಲೀಲಾವತಿ, ಕಲಾವತಿ, ರತ್ನಾವತಿ, ಸುಭದ್ರಾ, ದಮಯಂತಿ. ಜಲಜ, ವನಜ, ಗಿರಿಜ, ವಾರಿಜ, ಅಂಬುಜ ಎಂದು ಒಂದೇ ತಾಳದ ಗುಂಪು ಇನ್ನೊಂದು. ಸ್ವಾತಂತ್ರ್ಯದ ಗಾಳಿ ಸರೋಜಿನಿ, ಕಸ್ತೂರಿ, ಇಂದಿರಾ, ಭಾರತಿಯರನ್ನು ಸೇರಿಸಿತು. ಅಮ್ಮ, ಅಕ್ಕ ಎಂಬ ಬಾಲ ಇಲ್ಲಿಂದ ಕಳಚಿತು.

ಹೆಂಗಸರು ಕುರ್ಲಾದ ಚಾಳುಗಳಿಗೆ, ಆಮೇಲೆ ನೆಹರೂ ನಗರದ ಕಾಲನಿಗೆ ಬಂದು ನೆಲೆಸಿದ ಮೇಲೆ ಹೆಸರನ್ನು ಮೊದಲು ಕೂಗುವ ಬಾಯಿಯೇ ಬೇರೆಯಾಯಿತು. ಊರಲ್ಲಿ ಅಜ್ಜಿ ಕೂಗುತ್ತಿದ್ದಳು. ಇಲ್ಲಿ ಪಕ್ಕದ ಖೋಲಿಯ ಮರಾಠಿ ಬಾಯಿ, ಶಾಲೆಯಲ್ಲಿ ಹಾಜರಿ ಹಿಡಿದ ಟೀಚರು. ಈ ನೂರು ವರ್ಷದ ಬದಲಾವಣೆಯ ಹಿಂದೆ ನನಗೆ ಕಾಣುವ ಸೂತ್ರ ಇದೇ: ಮನೆಯ ಹೊರಗೆ ಆ ಹೆಸರನ್ನು ಕೂಗುವ ಮೊದಲ ಮನುಷ್ಯನ ನಾಲಿಗೆಗೆ ಒಗ್ಗುವಂತೆ ನಾವು ಹೆಸರಿಟ್ಟಿದ್ದೇವೆ. ಸುನಿತಾ, ಅನಿತಾ, ವನಿತಾ, ಉಷಾ, ಆಶಾ, ನಿಶಾ, ಶಶಿಕಲಾ, ಚಂದ್ರಕಲಾ. ಅಕ್ಕತಂಗಿಯರ ಈ ಪ್ರಾಸ 60, 70ರ ದಶಕದ ಮನೆಮನೆಯ ಸಂಗತಿ. ಇವು ಕನ್ನಡಕ್ಕೂ ಮರಾಠಿಗೂ ಹಿಂದಿಗೂ ಸಮವಾಗಿ ಸಲ್ಲುವ ಹೆಸರುಗಳು.

ಬರವಣಿಗೆಯೂ ಬದಲಾಯಿತು. ಇಂಗ್ಲಿಷಿನಲ್ಲಿ ಲತಾ, ಸುನಿತಾ ಬರೆಯುವಾಗ ತಕಾರಕ್ಕೆ ಎಚ್ ಅಕ್ಷರ ಹಾಕುವುದು ದಕ್ಷಿಣದ ರೂಢಿ, ಮುಂಬಯಿಯಲ್ಲಿ ಅದು ಬಿಟ್ಟುಹೋಗುತ್ತದೆ. ಉಡುಪಿಯಲ್ಲಿ ಓದಿದ ಅಕ್ಕನ ಸರ್ಟಿಫಿಕೇಟಿನಲ್ಲಿ ಎಚ್ ಇದೆ, ಕುರ್ಲಾದಲ್ಲಿ ಓದಿದ ತಂಗಿಯದರಲ್ಲಿ ಇಲ್ಲ. ಶೆಡ್ತಿ ಹೋದದ್ದೂ ಈ ಶಾಲಾ ಅರ್ಜಿಗಳಲ್ಲೇ. ಇಂಗ್ಲಿಷ್ ಶಾಲೆಯ ಕಾಲಂನಲ್ಲಿ ಅಪ್ಪನ ಉಪನಾಮವೇ ಮಗಳದೂ ಆಗಬೇಕಿತ್ತು. ಮಹಾರಾಷ್ಟ್ರದ ಪದ್ಧತಿಯಂತೆ ನಡುವೆ ಅಪ್ಪನ ಹೆಸರು, ಮದುವೆಯ ನಂತರ ಗಂಡನ ಹೆಸರು ಬಂತು. ಕಲ್ಯಾಣಿ ಶೆಡ್ತಿಯ ಮೊಮ್ಮಗಳ ಪೂರ್ತಿ ಹೆಸರಿನ ಮೂರು ಭಾಗಗಳಲ್ಲಿ ಎರಡು ಗಂಡಸಿನವು. ಮೊದಲ ಹೆಸರುಗಳು ಬದಲಾದದ್ದಕ್ಕೆ ನನಗೆ ದುಃಖವಿಲ್ಲ, ಅವು ಬದಲಾಗುತ್ತಲೇ ಇರಬೇಕು. ಶೆಡ್ತಿ, ಪೂಜಾರ್ತಿ ಅಳಿದದ್ದಕ್ಕೆ ಇದೆ. ಯಾರೂ ಯೋಚಿಸಿ ತೀರ್ಮಾನಿಸದೆ, ಒಂದು ಅರ್ಜಿ ನಮೂನೆಯ ಒತ್ತಡಕ್ಕೆ ಅವು ಹೋದವು.

ಮದುವೆಯಲ್ಲಿ ಹೆಣ್ಣಿನ ಹೆಸರನ್ನೇ ಬದಲಿಸಿ, ಹೊಸ ಹೆಸರನ್ನು ಅಕ್ಕಿಯ ತಟ್ಟೆಯಲ್ಲಿ ಬರೆಸುವ ಮರಾಠಿ ಕ್ರಮ ಅಳಿಯಕಟ್ಟಿನವರಿಗೆ ಸೇರಿದ್ದಲ್ಲ. ಆದರೂ ಮುಂಬಯಿಯಲ್ಲಿ ಕೆಲವು ಮನೆಗಳು ಅದನ್ನು ಕಲಿತವು. ತವರಿನಲ್ಲಿ ವನಜ, ಗಂಡನ ಮನೆಯ ರೇಶನ್ ಕಾರ್ಡಿನಲ್ಲಿ ವಿದ್ಯಾ ಆದ ಹೆಂಗಸರು ನಮ್ಮ ನಡುವೆ ಇದ್ದಾರೆ.

ಸಿನಿಮಾದ ಮಾತು ಬಂದಾಗಲೆಲ್ಲ ತಾರೆಯರ ಹೆಸರೇ ಮಕ್ಕಳಿಗೆ ಬಂತು ಎನ್ನುವುದು ವಾಡಿಕೆ. ಹೇಮಾ, ರೇಖಾ, ಜಯಾ ಬಂದದ್ದು ನಿಜ. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ವಿಶ್ವಸುಂದರಿಯಾದ ಮೇಲೆ ಬಂಟರ ಮನೆಗಳಲ್ಲಿ ಆ ಹೆಸರು ಹೆಮ್ಮೆಯಿಂದ ಮೊಳಗಿತು. ಆದರೆ ಅಮೆರಿಕದ ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಲೀಬರ್ಸನ್ 2000ದಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಬೇರೆ ಮಾತು ಹೇಳುತ್ತಾರೆ: ಹೆಸರುಗಳ ರುಚಿ ತನ್ನೊಳಗಿನ ಚಲನೆಯಿಂದಲೇ ಹೆಚ್ಚು ಬದಲಾಗುತ್ತದೆ, ಹೊರಗಿನ ಘಟನೆಗಳ ಪಾಲನ್ನು ನಾವು ಹಿಗ್ಗಿಸಿ ನೋಡುತ್ತೇವೆ. ಕುರ್ಲಾಕ್ಕೆ ಈ ಮಾತು ಹೊಂದುತ್ತದೆ. 80ರ ದಶಕದಲ್ಲಿ ಶ್ರೀದೇವಿ ತೀರ ದೊಡ್ಡ ತಾರೆ, ಆದರೆ ಆ ದಶಕದಲ್ಲಿ ಇಲ್ಲಿ ಹುಟ್ಟಿದ ಶ್ರೀದೇವಿಯರು ಅಪರೂಪ. 'ದೇವಿ', 'ವತಿ' ಎಂದು ಮುಗಿಯುವ ಹೆಸರುಗಳು ಆಗಲೇ ಅತ್ತೆಯಂದಿರ ಕಾಲದವಾಗಿದ್ದವು. ಬಚ್ಚನ್ ಕುಟುಂಬದಲ್ಲಿ 2011ರಲ್ಲಿ ಆರಾಧ್ಯಾ ಹುಟ್ಟುವ ಮೊದಲೇ ದೀರ್ಘ ಆಕಾರದ ಹೆಸರುಗಳು ಏರುಮುಖದಲ್ಲಿದ್ದವು. 'ಕಿರಿಕ್ ಪಾರ್ಟಿ' (2016) ಸಿನಿಮಾದ ನಾಯಕಿ ಸಾನ್ವಿಯೂ ಹಾಗೆಯೇ. ಕಿವಿಗೆ ಆಗಲೇ ಹಿತವಾಗಿದ್ದ ಸದ್ದಿಗೆ ಸಿನಿಮಾ ಇನ್ನಷ್ಟು ಬಲ ಕೊಟ್ಟಿತು.

ಕುರ್ಲಾ ಎಂದರೆ ಹಿಂದೂಗಳಷ್ಟೇ ಅಲ್ಲ. ಬ್ಯಾರಿ ಮುಸ್ಲಿಮರ ಮನೆಗಳ ಹಿರಿಯರು ಐಸಮ್ಮ, ಪಾತುಮ್ಮ, ಬೀಪಾತುಮ್ಮ. ಆಯಿಶಾ, ಫಾತಿಮಾರನ್ನು ಕರಾವಳಿ ತನ್ನದೇ ಬಾಯಲ್ಲಿ ಪಳಗಿಸಿಕೊಂಡ ರೂಪಗಳಿವು. ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ಹೊಸ ತಲೆಮಾರಿನ ನಾಯಕಿಗೆ ನಾದಿರಾ ಎಂದು ಹೆಸರಿಟ್ಟರು. ಇಂದಿನ ಮಕ್ಕಳಲ್ಲಿ ಐಝಾ, ಝಾರಾ ಇದ್ದಾರೆ, ಜೊತೆಗೆ ಆಯಿಶಾ ತಿರುಗಿ ಬಂದಿದ್ದಾಳೆ, ಐಸಮ್ಮ ಬಂದಿಲ್ಲ. ಮಂಗಳೂರು ಕಡೆಯ ಕ್ಯಾಥೊಲಿಕರಲ್ಲಿ ಸೆವ್ರಿನ್, ನತಾಲಿಯಾರ ಜಾಗಕ್ಕೆ ಶರನ್, ಮೆಲಿಸಾ ಬಂದರು.

ಹೆಸರುಗಳ ಚರಿತ್ರೆಯಲ್ಲಿ ಕಹಿಯೂ ಇದೆ. ಮಕ್ಕಳು ಸಾಯುತ್ತಿದ್ದ ಕಾಲದಲ್ಲಿ ದೃಷ್ಟಿ ತಾಗದಿರಲೆಂದು ತಿಪ್ಪವ್ವ, ಗುಂಡಮ್ಮ, ಕಲ್ಲವ್ವ ಎಂದು ಕರೆದದ್ದು ಪ್ರೀತಿಯಿಂದ. ಹೆಣ್ಣು ಸಾಕು ಎಂದು ಸಾಕವ್ವ ಎಂದದ್ದು ಬೇರೆ. ಮಹಾರಾಷ್ಟ್ರದ ಸಾತಾರಾದಲ್ಲಿ 'ಬೇಡವಾದವಳು' ಎಂಬರ್ಥದ ನಕುಸಾ ಹೆಸರು ಹೊತ್ತಿದ್ದ 285 ಹುಡುಗಿಯರಿಗೆ 2011ರ ಅಕ್ಟೋಬರಿನಲ್ಲಿ ಜಿಲ್ಲಾಡಳಿತ ಸಮಾರಂಭ ನಡೆಸಿ ಹೊಸ ಹೆಸರು ಕೊಟ್ಟಿತು. ತಾಯಿಯಿಂದ ಮನೆತನ ಹರಿಯುವ, ಹೆಣ್ಣು ಹುಟ್ಟದಿದ್ದರೆ ಕುಟುಂಬ ನಿಂತಿತು ಎಂದು ಕೊರಗುವ ಅಳಿಯಕಟ್ಟಿನ ಮನೆಗಳಲ್ಲಿ ಇಂಥ ಹೆಸರು ನನ್ನ ಕಿವಿಗೆ ಬಿದ್ದಿಲ್ಲ.

ಈಗಿನ ಹೆಸರುಗಳ ಲಕ್ಷಣ ಹೇಳುವುದು ಸುಲಭ: ಎರಡು ಅಕ್ಷರ, ಹೆಚ್ಚೆಂದರೆ ಮೂರು, ಮೊದಲಿಗೆ ಹೆಚ್ಚಾಗಿ ಅ, ಆ ಅಥವಾ ಸಾ, ನಡುವೆ ಯ, ವ, ನ, ರ, ಕೊನೆಗೆ ಉದ್ದನೆಯ ಆ ಅಥವಾ ಇ. ಆದ್ಯಾ, ಅನ್ವಿ, ಆರ್ವಿ, ಕಿಯಾರಾ, ಮಾಯ್ರಾ. ಟ, ಡ, ಳಗಳಿಗೆ ಜಾಗವಿಲ್ಲ. ಹೆಸರು ಕೂಗುವ ಹೊರಗಿನವರು ಈಗ ದುಬೈಯಲ್ಲೋ ಟೊರಾಂಟೋದಲ್ಲೋ ಇರುತ್ತಾರೆ ಎಂಬ ಲೆಕ್ಕ ತೊಟ್ಟಿಲ ಹೊತ್ತಿಗೇ ನಡೆದಿರುತ್ತದೆ. ಬೆಂಗಳೂರಿನಲ್ಲಿ ಕೇಳುವ ಇಂಚರ, ಇಂಪನ, ನೇಸರ ಇಲ್ಲಿ ಕೇಳುವುದು ಕಡಿಮೆ. ಜಾತಕ ಮಾತ್ರ ಬಿಟ್ಟಿಲ್ಲ. ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಅಶ್ವಿನಿಯಾದರೆ ಚು, ಚೆ, ಚೊ, ಲ. 'ಚೊ' ಬಂದ ಮನೆಯವರು ಅದನ್ನು ಜಾತಕದ ಹೆಸರಾಗಿ ಬರೆಸಿಟ್ಟು, ಕರೆಯಲು ಬೇರೆ ಹೆಸರಿಡುತ್ತಾರೆ. ಸಂಖ್ಯಾಶಾಸ್ತ್ರ ನಂಬುವವರು ಇಂಗ್ಲಿಷ್ ಬರಹಕ್ಕೆ ಒಂದು ಎ ಹೆಚ್ಚಿಸುತ್ತಾರೆ.

ಈ ನಡುವೆ ಎರಡು ಸಂಗತಿ ನಡೆದಿವೆ. ಮಹಾರಾಷ್ಟ್ರ ಸರ್ಕಾರದ ನಿಯಮದಂತೆ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ದಾಖಲೆಯಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಕೊನೆಗೆ ಉಪನಾಮ ಈ ಕ್ರಮದಲ್ಲಿ ಬರಬೇಕು. ಅರ್ಜಿ ನಮೂನೆಯಿಂದ ಕಳೆದದ್ದರಲ್ಲಿ ಒಂದು ಪಾಲು ಅರ್ಜಿ ನಮೂನೆಯಿಂದಲೇ ತಿರುಗಿ ಬಂದಿದೆ. ಕುರ್ಲಾದ ತುಳುವರು ಇದನ್ನು ಬರೀ ಕಾನೂನೆಂದು ತುಂಬದೆ, ತಮ್ಮದೇ ಹಳೆಯ ಹಕ್ಕು ಎಂದು ತುಂಬಬಹುದು. ಇನ್ನೊಂದು, ಸಿರಿ ಹೆಸರಾಗಿ ಮರಳಿದ್ದಾಳೆ. ಕರ್ನಾಟಕದಲ್ಲಿ ಅದು ಈಗ ಸಾಕಷ್ಟು ಕೇಳುವ ಹೆಸರು. 2011ರಲ್ಲಿ ಆಪಲ್ ಫೋನಿನಲ್ಲಿ ಅದೇ ಹೆಸರಿನ ಸಹಾಯಕಿ ಬಂದ ಮೇಲೂ ತಾಯಂದಿರು ಹಿಂಜರಿದಿಲ್ಲ. ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರು 2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗಿಗೆ ಬಂತು, ಮಗುವಿಗೆ ಇನ್ನೂ ಬರಬೇಕಿದೆ.

ಕುರ್ಲಾಕ್ಕೆ ತಾಗಿಕೊಂಡೇ ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಸಂಘಗಳ ಹಳೆಯ ಸದಸ್ಯಪಟ್ಟಿ, ಕನ್ನಡ ಶಾಲೆಗಳ ಹಾಜರಿ ಪುಸ್ತಕ, ಪತ್ರಿಕೆಗಳ ಕಟ್ಟು ಇನ್ನೂ ಎಲ್ಲೋ ಕಪಾಟಿನಲ್ಲಿವೆ. ಶಾಲೆಗಳು ಒಂದೊಂದಾಗಿ ಮುಚ್ಚುತ್ತಿರುವಾಗ ಹಾಜರಿ ಪುಸ್ತಕಗಳು ರದ್ದಿಗೆ ಹೋಗುವ ಮೊದಲು ಅವನ್ನು ಯಾರಾದರೂ ಸಂಶೋಧಕರು ಕೇಳಿ ಪಡೆಯಲಿ. ಶೆಡ್ತಿ ಕೊನೆಯ ಸಲ ಯಾವ ವರ್ಷದ ಪುಟದಲ್ಲಿ ಬರೆಯಲ್ಪಟ್ಟಳು ಎಂಬುದನ್ನಾದರೂ ಆಗ ವರ್ಷ ಹಿಡಿದು ಹೇಳಬಹುದು.