ಟೂಲಿಗೆ ಸಾಣೆ ಹಿಡಿದವರು



ಅಹಮದಾಬಾದಿನ ವಟ್ವಾದಲ್ಲಿ ಹದಿನೈದನೆಯ ಶತಮಾನದ ಸೂಫಿ ಸಂತ ಕುತುಬ್-ಎ-ಆಲಮ್ ಅವರ ದರ್ಗಾ ಇದೆ. ಕತ್ತಲಲ್ಲಿ ಅವರು ಏನನ್ನೋ ಎಡವಿದರು, ‘ಇದೇನು, ಕಲ್ಲೋ, ಕಬ್ಬಿಣವೋ, ಮರವೋ?’ ಎಂದರು, ಆ ವಸ್ತು ಮೂರೂ ಆಗಿಬಿಟ್ಟಿತು ಎಂಬುದು ಅಲ್ಲಿನ ಐತಿಹ್ಯ.

1962ರಲ್ಲಿ ಹುಟ್ಟಿದ ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮ ಮುಂದೆ ಇದೇ ವಟ್ವಾದಲ್ಲಿ ದೊಡ್ಡ ಕೈಗಾರಿಕಾ ವಸಾಹತನ್ನು ಕಟ್ಟಿತು. ಬಣ್ಣ ಮತ್ತು ರಸಾಯನ ಕಾರ್ಖಾನೆಗಳ ಜೊತೆಗೆ ಎಂಜಿನಿಯರಿಂಗ್ ವರ್ಕ್‌ಶಾಪುಗಳೂ ಅಲ್ಲಿ ಬೆಳೆದವು. ಕೈಯಿಂದ ನಡೆಸುವ ಲೇತಿನ ಮುಂದೆ ನಿಂತ ಟರ್ನರ್ ಕೂಡ ಮೊದಲು ಕೇಳುವುದು ಸಂತರ ಪ್ರಶ್ನೆಯನ್ನೇ: ಇದೇನು? ಉಕ್ಕೋ, ಬೀಡೋ, ಹಿತ್ತಾಳೆಯೋ? ಟೂಲಿಗೆ ಹೇಗೆ ಸಾಣೆ ಹಿಡಿಯಬೇಕೆಂಬುದು ಆ ಉತ್ತರದ ಮೇಲೆ ನಿಂತಿದೆ.

ಉಕ್ಕಿಗಾದರೆ ಟೂಲಿನ ತಲೆ ಹಿಂದಕ್ಕೆ ಸ್ವಲ್ಪ ಇಳಿಜಾರಾಗಿರಬೇಕು. ಹಿತ್ತಾಳೆಗೆ ಅದೇ ಇಳಿಜಾರು ಕೊಟ್ಟರೆ ಟೂಲು ಲೋಹದೊಳಕ್ಕೆ ಕಚ್ಚಿಕೊಂಡು ಕೆಲಸ ಕೆಡುತ್ತದೆ. ಅಲ್ಲಿ ತಲೆ ಸಪಾಟಾಗಿರಬೇಕು. ಸ್ಟೇನ್‌ಲೆಸ್ ಸ್ಟೀಲಿಗೆ ಮೊಂಡು ಟೂಲು ಕೊಟ್ಟರೆ ಅದು ಕತ್ತರಿಸುವ ಬದಲು ಉಜ್ಜುತ್ತದೆ, ಉಜ್ಜಿದಷ್ಟೂ ಮೇಲ್ಮೈ ಇನ್ನಷ್ಟು ಗಟ್ಟಿಯಾಗುತ್ತದೆ. ಮೆಟ್ರಿಕ್ ಮರೆ ಕೊರೆಯುವ ಟೂಲಿನ ಮೊನೆ 60 ಡಿಗ್ರಿ. ಹಳೆಯ ಬ್ರಿಟಿಷ್ ಯಂತ್ರದ ವಿಟ್‌ವರ್ತ್ ಮರೆಗೆ 55. ಈ ಐದು ಡಿಗ್ರಿಯನ್ನು ಸಾಣೆ ಕಲ್ಲಿನ ಮೇಲೆ ತರುವುದು ಕೈ, ಅಳೆಯುವುದು ಒಂದು ಪುಟ್ಟ ಗೇಜು.

ಈ ಕೈಚಳಕದ ಹಿಂದೆ ಲೋಹಗಳ ಕಥೆಯೂ ಇದೆ. ಹಳೆಯ ಇಂಗಾಲದ ಉಕ್ಕಿನ ಟೂಲು ಕಾದೊಡನೆ ಮೆತ್ತಗಾಗುತ್ತಿತ್ತು. 1868ರಲ್ಲಿ ಇಂಗ್ಲೆಂಡಿನ ರಾಬರ್ಟ್ ಮಷೆಟ್ ಟಂಗ್‌ಸ್ಟನ್ ಬೆರೆಸಿದ ಗಟ್ಟಿ ಉಕ್ಕನ್ನು ತಂದರು. ಅಮೆರಿಕದ ಫ್ರೆಡರಿಕ್ ಟೇಲರ್ ಮತ್ತು ಮೌನ್ಸೆಲ್ ವೈಟ್ ಕಂಡುಹಿಡಿದ ‘ಹೈಸ್ಪೀಡ್ ಸ್ಟೀಲ್’ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಮೊನೆ ಕೆಂಪಗೆ ಕಾದಿದ್ದರೂ ಉಕ್ಕನ್ನು ಕತ್ತರಿಸುತ್ತಾ ಹೋಯಿತು! ನೋಡಿದವರು ಬೆರಗಾದರು. ನಮ್ಮ ವರ್ಕ್‌ಶಾಪುಗಳಲ್ಲಿ ಎಚ್.ಎಸ್.ಎಸ್. ಎನ್ನುವುದು ಅದನ್ನೇ.

ಇದೇ ಟೇಲರ್ ಇನ್ನೊಂದು ಕೆಲಸವನ್ನೂ ಮಾಡಿದರು. ಸುಮಾರು 26 ವರ್ಷಗಳ ಪ್ರಯೋಗಗಳ ಫಲವನ್ನು 1906ರಲ್ಲಿ ಪ್ರಕಟಿಸುತ್ತಾ, ಟೂಲಿನ ಸಾಣೆಯನ್ನು ಕೆಲಸಗಾರನ ಇಷ್ಟಕ್ಕೆ ಬಿಡಬಾರದು, ಪ್ರತ್ಯೇಕ ಟೂಲ್ ರೂಮಿನಲ್ಲಿ ಗೊತ್ತುಪಡಿಸಿದ ಆಕಾರಕ್ಕೆ ಹಿಡಿಯಬೇಕು ಎಂದು ವಾದಿಸಿದರು. ಉತ್ಪಾದನೆ ಹೆಚ್ಚಿತು ನಿಜ. ಆದರೆ ಕೈಯಲ್ಲಿದ್ದ ವಿದ್ಯೆ ಕಚೇರಿಯ ಕಾಗದಕ್ಕೆ ಹೋಯಿತು. ದೊಡ್ಡ ಕಾರ್ಖಾನೆಗಳು ಈ ಹಾದಿ ಹಿಡಿದವು. ಎರಡು ಲೇತು, ಒಂದು ಸಾಣೆ ಯಂತ್ರ ಇರುವ ಸಣ್ಣ ಶೆಡ್ಡಿಗೆ ಟೂಲ್ ರೂಮು ಎಲ್ಲಿಂದ ಬರಬೇಕು? ಅಲ್ಲಿ ಆ ವಿದ್ಯೆ ಕೆಲಸಗಾರನ ಬಳಿಯೇ ಉಳಿಯಿತು.

ಈ ಕಥೆಗೆ ಕನ್ನಡನಾಡಿನ ನಂಟೂ ಉಂಟು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತುಗಳಿಗೆ ಹೆಸರಾಯಿತು; ಆ ಕಾರ್ಖಾನೆ ಈಗ ಮುಚ್ಚಿದೆ. 1953ರಲ್ಲಿ ಬೆಂಗಳೂರಿಗೆ ಎಚ್.ಎಂ.ಟಿ. ಬಂತು. ಜರ್ಮನಿಯ ಕ್ರುಪ್ ಕಂಪನಿ 1920ರ ದಶಕದಲ್ಲಿ ಮಾರುಕಟ್ಟೆಗೆ ತಂದ ಟಂಗ್‌ಸ್ಟನ್ ಕಾರ್ಬೈಡಿನ ಹೆಸರು ‘ವಿಡಿಯಾ’. ಜರ್ಮನ್ ಭಾಷೆಯಲ್ಲಿ ‘ವಜ್ರದಂತೆ’ ಎಂಬುದರ ಮೊಟಕು ರೂಪ. 1964ರಲ್ಲಿ ಸ್ಥಾಪನೆಯಾದ ವಿಡಿಯಾ ಇಂಡಿಯಾ ತುಮಕೂರು ರಸ್ತೆಯಲ್ಲಿ ಬೇರೂರಿತು. 2002ರಲ್ಲಿ ಅಮೆರಿಕದ ಕೆನ್ನಾಮೆಟಲ್ ವಿಡಿಯಾವನ್ನು ಕೊಂಡಿತು. ಬೆಂಗಳೂರಿನ ಕಂಪನಿಯ ಹೆಸರೂ ಬದಲಾಯಿತು. ಆದರೂ ಯಾವ ಕಂಪನಿಯ ಕಾರ್ಬೈಡ್ ಆದರೂ ಕೆಲಸಗಾರರ ಬಾಯಲ್ಲಿ ಅದು ವಿಡಿಯಾವೇ.

ವಿಡಿಯಾಕ್ಕೆ ಸಾಮಾನ್ಯವಾಗಿ ಹಸಿರು ಸಾಣೆ ಕಲ್ಲು ಬಳಸುತ್ತಾರೆ. ಎಚ್.ಎಸ್.ಎಸ್. ಟೂಲನ್ನು ಆಗಾಗ ನೀರಿಗೆ ಅದ್ದಿ ತಣಿಸುವವರೂ ಬಿಸಿ ವಿಡಿಯಾವನ್ನು ಅದ್ದುವುದಿಲ್ಲ. ಅದ್ದಿದರೆ ಬಿರುಕು ಬಿಡುತ್ತದೆ.

ಈಗ ಮೊನೆ ಸವೆದರೆ ತಿರುಗಿಸಿ ಹಾಕುವ, ಎಲ್ಲ ಮೊನೆಯೂ ಮುಗಿದರೆ ತೆಗೆದುಬಿಡುವ ಇನ್ಸರ್ಟ್‌ಗಳು ಬಂದಿವೆ. ಕಂಪ್ಯೂಟರ್ ನಡೆಸುವ ಯಂತ್ರಗಳಿಗೆ ಅವೇ ಸರಿ. ಆದರೆ ಹಳೆಯ ಪಂಪಿನ ಒಂದೇ ಒಂದು ಶಾಫ್ಟು ಮುರಿದು, ಅದರ ಆಕಾರ ಯಾವ ಕ್ಯಾಟಲಾಗಿನಲ್ಲೂ ಇಲ್ಲದಾಗ, ಮತ್ತೆ ಸಾಣೆ ಕಲ್ಲೇ ಗತಿ. ಮಷೆಟ್, ಟೇಲರ್ ಹೆಸರು ಪುಸ್ತಕದಲ್ಲಿ ಉಳಿದಿದೆ. ಆ ಲೋಹಕ್ಕೆ ದಿನವೂ ಮೊನೆ ಕೊಟ್ಟವರ ವಿದ್ಯೆ ಪುಸ್ತಕದಿಂದಷ್ಟೇ ಬರುವುದಲ್ಲ. ಅದು ಕೈಯಿಂದ ಕೈಗೇ ಬಂದದ್ದು.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಹಳೆಯ ಟರ್ನರ್ ಒಬ್ಬರಿದ್ದರೆ ಹಿತ್ತಾಳೆಗೆ ಟೂಲು ಹೇಗೆ ಹಿಡಿಯುತ್ತೀರಿ ಎಂದು ಕೇಳಿ ನೋಡಿ. ಅವರ ಮಾತನ್ನು ನಮಗೂ ಬರೆದು ಕಳಿಸಿ.